ಮೊದಲು ಕಣ್ಣು, ಆಮೇಲೆ ದಾರಿ, ಕೊನೆಗೆ ಕೋಚಿಂಗ್: ಮಲೆನಾಡಿನಿಂದ ವಾಯುಪಡೆಗೆ ಹೊರಟವರಿಗೆ

ಪಿಯುಸಿಯಲ್ಲಿ ಓದುತ್ತಿರುವ ಮಗನೋ ಮಗಳೋ ವಾಯುಪಡೆಯ ಪೈಲಟ್ ಆಗುತ್ತೇನೆ ಎಂದಾಗ ನಮ್ಮ ಕಡೆಯ ತಂದೆತಾಯಿ ಮೊದಲು ಕೇಳುವುದು ಯಾವ ಕೋಚಿಂಗ್‌ಗೆ ಸೇರಿಸಬೇಕು ಎಂದು. ಶಿವಮೊಗ್ಗ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ತೆರೆದ ಮೇಲೆ ಈ ಪ್ರಶ್ನೆ ತೀರ್ಥಹಳ್ಳಿ, ಸಾಗರ, ಹೊಸನಗರದ ಮನೆಗಳಿಂದಲೂ ಬರುತ್ತಿದೆ. ಮೊದಲು ಶುಲ್ಕ ಕಟ್ಟುತ್ತಾರೆ, ಆಮೇಲೆ ಯಾವ ಪರೀಕ್ಷೆ ಎಂದು ವಿಚಾರಿಸುತ್ತಾರೆ, ಎಲ್ಲ ಮುಗಿದ ಮೇಲೆ ವೈದ್ಯಕೀಯ ತಪಾಸಣೆಯಲ್ಲಿ ಕಣ್ಣಿನ ದೋಷ ಗೊತ್ತಾಗುತ್ತದೆ. ಈ ಕ್ರಮ ಪೂರ್ತಿ ತಲೆಕೆಳಗು. ಕಣ್ಣು ಮತ್ತು ದೇಹದ ಅಳತೆ ಮೊದಲು, ಯಾವ ಪರೀಕ್ಷೆಯ ಮೂಲಕ ಹೋಗುವುದು ಎಂಬುದು ಎರಡನೆಯದು, ಎಲ್ಲಿ ಕುಳಿತು ಓದುವುದು ಎಂಬುದು ಮೂರನೆಯದು. ಈ ಬರಹವೂ ಅದೇ ಕ್ರಮದಲ್ಲಿ ಸಾಗುತ್ತದೆ.

ಶುರುವಿನಲ್ಲೇ ಒಂದು ಗೊಂದಲ ಬಗೆಹರಿಯಬೇಕು. ಸೈನ್ಯಕ್ಕೆ ಸೇರುವುದು ಎಂದ ಕೂಡಲೇ ನಮ್ಮಲ್ಲಿ ಎಲ್ಲರ ಕಣ್ಣ ಮುಂದೆ ಬರುವುದು ನೇಮಕಾತಿ ರ‍್ಯಾಲಿ: ಬೆಳಗಿನ ಓಟ, ಎದೆಯಳತೆ, ಸರತಿಯ ಸಾಲು. ಅದು ಅಗ್ನಿವೀರರ ದಾರಿ, ಗೌರವದ ದಾರಿ. ಅಧಿಕಾರಿಯಾಗಿ, ಅದರಲ್ಲೂ ಪೈಲಟ್ ಆಗಿ ಹೋಗುವುದು ಬೇರೆಯೇ ವ್ಯವಸ್ಥೆ. ಅಲ್ಲಿ ಲಿಖಿತ ಪರೀಕ್ಷೆ, ಐದು ದಿನಗಳ ಸಂದರ್ಶನ ಮಂಡಳಿ, ಹಾರಾಟದ ಸಾಮರ್ಥ್ಯ ಅಳೆಯುವ ಕಂಪ್ಯೂಟರ್ ಪರೀಕ್ಷೆ, ಆಮೇಲೆ ವೈದ್ಯಕೀಯ ತಪಾಸಣೆ ಎಂಬ ನಾಲ್ಕು ಬಾಗಿಲುಗಳಿವೆ. ರ‍್ಯಾಲಿಗೆ ತಯಾರು ಮಾಡುವ ಮೈದಾನದ ತರಬೇತಿಯಿಂದ ದೇಹ ಗಟ್ಟಿಯಾಗುತ್ತದೆ ನಿಜ, ಆದರೆ ಈ ನಾಲ್ಕರಲ್ಲಿ ಒಂದು ಬಾಗಿಲೂ ಅದರಿಂದಲೇ ತೆರೆಯುವುದಿಲ್ಲ.

ಕಣ್ಣು ಮತ್ತು ಅಳತೆ

ಹಾರಾಟ ವಿಭಾಗಕ್ಕೆ ಕನಿಷ್ಠ ಎತ್ತರ 162.5 ಸೆಂಟಿಮೀಟರ್. ಎತ್ತರ ಸಾಕಾದರೂ ಕುಳಿತಾಗಿನ ಎತ್ತರ, ಕಾಲಿನ ಉದ್ದ, ತೊಡೆಯ ಉದ್ದ ಇವಕ್ಕೂ ಮಿತಿಗಳಿವೆ, ಏಕೆಂದರೆ ಕಾಕ್‌ಪಿಟ್‌ನ ಆಸನ ಮತ್ತು ಪೆಡಲ್‌ಗಳ ನಡುವಿನ ಜಾಗ ಎಲ್ಲರಿಗೂ ಒಂದೇ. ದೃಷ್ಟಿ ಒಂದು ಕಣ್ಣಿನಲ್ಲಿ 6/6, ಇನ್ನೊಂದರಲ್ಲಿ 6/9 ಇರಬೇಕು. ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿಗೆ ಇಲ್ಲಿ ವಿನಾಯಿತಿ ಇಲ್ಲ. ಬಣ್ಣಗಳನ್ನು ಗುರುತಿಸುವ ಶಕ್ತಿ ಉನ್ನತ ದರ್ಜೆಯದಾಗಿರಬೇಕು. ಬಣ್ಣಗುರುಡು ಇರುವ ಎಷ್ಟೋ ಹುಡುಗರಿಗೆ ಹದಿನೇಳು ವರ್ಷವಾದರೂ ಅದು ಗೊತ್ತೇ ಇರುವುದಿಲ್ಲ, ಏಕೆಂದರೆ ದಿನನಿತ್ಯದ ಬದುಕಿನಲ್ಲಿ ಅದರಿಂದ ತೊಡಕಾಗಿರುವುದಿಲ್ಲ.

ಹಾಗಾಗಿ ಯಾವುದೇ ಶುಲ್ಕ ಕಟ್ಟುವ ಮೊದಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಕಣ್ಣಿನ ವೈದ್ಯರ ಬಳಿಗೋ ಹೋಗಿ ದೃಷ್ಟಿ ತಪಾಸಣೆ ಮಾಡಿಸಿ. ಇಶಿಹಾರಾ ಚಿತ್ರಪುಸ್ತಕದ ಬಣ್ಣದ ಪರೀಕ್ಷೆಯನ್ನು ನೀವೇ ಕೇಳಿ ಮಾಡಿಸಿಕೊಳ್ಳಿ. ಒಂದು ಬೆಳಗಿನ ಕೆಲಸ, ಅಷ್ಟೇ. ಕನ್ನಡಕವಿದ್ದರೆ ಕಥೆ ಮುಗಿಯಿತು ಎಂದೂ ತಿಳಿಯಬೇಡಿ. ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಪದವಿಯ ನಂತರದ ದಾರಿಯಲ್ಲಿ ಷರತ್ತುಗಳೊಂದಿಗೆ ಅವಕಾಶವಿದೆ. ಇಪ್ಪತ್ತು ವರ್ಷ ತುಂಬಿದ ಮೇಲೆ ಮಾಡಿಸಿರಬೇಕು, ಮಾಡಿಸಿ ವರ್ಷ ಕಳೆದಿರಬೇಕು ಎಂಬವು ಅವುಗಳಲ್ಲಿ ಮುಖ್ಯ. ಪಿಯುಸಿ ಮುಗಿಸಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ (ಎನ್‌ಡಿಎ) ಹೋಗುವ ಅಭ್ಯರ್ಥಿಗೆ ವಯಸ್ಸಿನ ಕಾರಣಕ್ಕೇ ಇದು ಸಿಗುವುದಿಲ್ಲ. ಅಂದರೆ ಸಮೀಪದೃಷ್ಟಿಯಿರುವ ವಿದ್ಯಾರ್ಥಿಗೆ ಎನ್‌ಡಿಎಯೋ ಪದವಿಯ ದಾರಿಯೋ ಎಂಬ ಆಯ್ಕೆ ಈ ಹಂತದಲ್ಲೇ ತೀರ್ಮಾನವಾಗಿಬಿಡುತ್ತದೆ. ಅಧಿಸೂಚನೆಯ ಕೊನೆಯಲ್ಲಿರುವ ವೈದ್ಯಕೀಯ ಅನುಬಂಧವನ್ನು ವೈದ್ಯರ ಮುಂದಿಟ್ಟುಕೊಂಡೇ ಓದಿ. ಅಂತಿಮ ತಪಾಸಣೆ ನಡೆಯುವುದು ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಅಥವಾ ದೆಹಲಿಯಲ್ಲಿ. ಅಲ್ಲಿ ಯಾವುದೂ ಮರೆಯಾಗಿ ಉಳಿಯುವುದಿಲ್ಲ.

ಎನ್‌ಡಿಎ ಮತ್ತು ಎಎಫ್‌ಕ್ಯಾಟ್: ಎರಡು ವಯಸ್ಸು, ಎರಡು ಬದುಕು

ಎನ್‌ಡಿಎ ಪರೀಕ್ಷೆ ಬರೆಯಲು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗಿರಬೇಕು. ವಾಯುಪಡೆಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಬೇಕು. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600. ಎರಡೂ ಎರಡೂವರೆ ಗಂಟೆಯ ಪತ್ರಿಕೆಗಳು, ಪ್ರತಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಭಾಗ ಕಡಿತ. 600 ಅಂಕಗಳಲ್ಲಿ ಇಂಗ್ಲಿಷ್‌ಗೇ 200. ಉಳಿದದ್ದರಲ್ಲಿ ವಿಜ್ಞಾನ, ಇತಿಹಾಸ, ಭೂಗೋಳ, ಪ್ರಚಲಿತ ವಿದ್ಯಮಾನ ಎಲ್ಲ ಬರುತ್ತವೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಆಯ್ಕೆಯಾದರೆ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಆಮೇಲೆ ಹೈದರಾಬಾದ್ ಹತ್ತಿರದ ದುಂಡಿಗಲ್‌ನಲ್ಲಿ ಹಾರಾಟದ ತರಬೇತಿ. ಸಿಗುವುದು ಕಾಯಂ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಅಧಿಕಾರಿ ಹುದ್ದೆ. ಇತ್ತೀಚಿನ ಅಧಿಸೂಚನೆಗಳಲ್ಲಿ ವಾಯುಪಡೆಯ ಹಾರಾಟ ವಿಭಾಗಕ್ಕೆ ಪ್ರತಿ ಸಲ 92 ಸ್ಥಾನಗಳಿರುತ್ತವೆ. ಸುಪ್ರೀಂ ಕೋರ್ಟಿನ 2021ರ ಆದೇಶದ ನಂತರ ಹುಡುಗಿಯರೂ ಬರೆಯುತ್ತಿದ್ದಾರೆ. ಅವರ ಮೊದಲ ತಂಡದ ಹದಿನೇಳು ಮಂದಿ 2025ರ ಮೇ ತಿಂಗಳಲ್ಲಿ ಖಡಕ್‌ವಾಸ್ಲಾದಿಂದ ತೇರ್ಗಡೆಯಾಗಿ ಹೊರಬಂದರು. ಮಗಳಿಗೆ ಎನ್‌ಡಿಎ ಇದೆಯೇ ಎಂದು ಇನ್ನೂ ಕೇಳುವವರಿಗೆ ಇಷ್ಟು ಉತ್ತರ ಸಾಕು.

ಎಎಫ್‌ಕ್ಯಾಟ್ ವಾಯುಪಡೆಯೇ ನಡೆಸುವ ಪದವೀಧರರ ಪರೀಕ್ಷೆ. ಹಾರಾಟ ವಿಭಾಗಕ್ಕೆ ಇಪ್ಪತ್ತರಿಂದ ಇಪ್ಪತ್ನಾಲ್ಕು ವರ್ಷ. ವಾಣಿಜ್ಯ ಪೈಲಟ್ ಪರವಾನಗಿ ಇದ್ದವರಿಗೆ ಇಪ್ಪತ್ತಾರರವರೆಗೆ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಎರಡರಲ್ಲೂ ಶೇಕಡಾ 50, ಪದವಿಯಲ್ಲಿ ಶೇಕಡಾ 60. ಪದವಿ ಯಾವ ವಿಷಯದ್ದಾದರೂ ಆಗಬಹುದು. ಇದು ನಮ್ಮವರಿಗೆ ಗೊತ್ತಿಲ್ಲದ ಮುಖ್ಯ ಸಂಗತಿ. ಪಿಯುಸಿ ವಿಜ್ಞಾನ ಓದಿ ಆಮೇಲೆ ಸಹ್ಯಾದ್ರಿ ಕಾಲೇಜಿನಲ್ಲಿ ಬಿಎ ಅಥವಾ ಬಿಕಾಂ ಮಾಡಿದವರಿಗೂ ಬಾಗಿಲು ತೆರೆದೇ ಇದೆ. ಪಿಯುಸಿಯಲ್ಲಿ ಗಣಿತ ಬಿಟ್ಟವರಿಗೆ ಮಾತ್ರ ಅದು ಮುಚ್ಚುತ್ತದೆ. ಹತ್ತನೇ ತರಗತಿ ಮುಗಿಸಿ ವಿಷಯ ಆರಿಸಿಕೊಳ್ಳುವ ಮಕ್ಕಳು ಇದನ್ನು ನೆನಪಿಡಬೇಕು. ಪರೀಕ್ಷೆ ಎರಡು ಗಂಟೆ, 100 ಪ್ರಶ್ನೆ, 300 ಅಂಕ. ಸರಿಯುತ್ತರಕ್ಕೆ ಮೂರು, ತಪ್ಪಿಗೆ ಒಂದು ಕಡಿತ. ಕಂಪ್ಯೂಟರಿನಲ್ಲೇ ಬರೆಯಬೇಕು, ಇಂಗ್ಲಿಷ್ ಮಾತ್ರ. ಹಾರಾಟ ವಿಭಾಗಕ್ಕೆ ಆಯ್ಕೆಯಾದವರಿಗೆ ಹದಿನಾಲ್ಕು ವರ್ಷಗಳ ಅಲ್ಪಾವಧಿ ಕಮಿಷನ್.

ಓದಿನ ದೃಷ್ಟಿಯಿಂದ ಎರಡಕ್ಕೂ ದೊಡ್ಡ ಅಂತರವಿದೆ. ಎನ್‌ಡಿಎ ಗಣಿತ ನಮ್ಮ ಪಿಯು ಗಣಿತದ ನೆರಳಿನಲ್ಲೇ ಇದೆ: ಮ್ಯಾಟ್ರಿಕ್ಸ್, ತ್ರಿಕೋನಮಿತಿ, ಕಲನಶಾಸ್ತ್ರ, ಸದಿಶಗಳು, ಸಂಭವನೀಯತೆ. ರಾಜ್ಯದ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪುಸ್ತಕಗಳೇ ಇರುವುದರಿಂದ ಪಾಠವನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಕಲಿಯಬೇಕಾದದ್ದು ವೇಗ, ಏಕೆಂದರೆ ನೂರೈವತ್ತು ನಿಮಿಷಗಳಲ್ಲಿ 120 ಲೆಕ್ಕ ಇರುತ್ತವೆ. ಎಎಫ್‌ಕ್ಯಾಟ್ ಲೆಕ್ಕಗಳು ಪ್ರೌಢಶಾಲೆಯ ಮಟ್ಟದವು: ಶೇಕಡಾವಾರು, ಅನುಪಾತ, ಕಾಲ ಮತ್ತು ಕೆಲಸ, ಲಾಭ ನಷ್ಟ. ಅಲ್ಲಿನ ನಿಜವಾದ ಗಡಿ ತಾರ್ಕಿಕ ಮತ್ತು ಸೈನಿಕ ಸಾಮರ್ಥ್ಯದ ಭಾಗ. ಒಂದು ಆಕೃತಿಯನ್ನು ತಿರುಗಿಸಿದರೆ ಹೇಗೆ ಕಾಣುತ್ತದೆ, ಗೋಜಲಿನೊಳಗೆ ಯಾವ ಚಿತ್ರ ಅಡಗಿದೆ ಎಂಬಂಥ ಪ್ರಶ್ನೆಗಳು ಅಲ್ಲಿ ಬರುತ್ತವೆ. ಹಾರಾಟದ ಸಾಮರ್ಥ್ಯಕ್ಕೆ ಕಾಗದದ ಮೇಲೆ ಅತಿ ಹತ್ತಿರ ಬರುವ ಅಭ್ಯಾಸ ಇದೇ. ಎನ್‌ಡಿಎ ಬರೆಯುವವರೂ ಇದನ್ನು ಬಿಡಿಸುತ್ತಿದ್ದರೆ ಲಾಭವಿದೆ.

ಪದವೀಧರರಿಗೆ ಯುಪಿಎಸ್‌ಸಿ ನಡೆಸುವ ಇನ್ನೊಂದು ಪರೀಕ್ಷೆಯಾದ ಸಿಡಿಎಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪದವಿಯ ನಂತರ ಕಾಯಂ ಕಮಿಷನ್ ಬೇಕೆನ್ನುವವರಿಗೆ ಅದು ದಾರಿ. ವಾಯುಪಡೆ ಅಕಾಡೆಮಿಗೆ ಪ್ರತಿ ಸಲ ಸಾಮಾನ್ಯವಾಗಿ 32 ಸ್ಥಾನಗಳು. ಎಎಫ್‌ಕ್ಯಾಟ್‌ಗೆ ಓದಿದವರು ಇತಿಹಾಸ, ಭೂಗೋಳ ಸೇರಿಸಿಕೊಂಡು ಇದನ್ನೂ ಬರೆಯಬಹುದು. ಎನ್‌ಸಿಸಿ ವಿಶೇಷ ಪ್ರವೇಶದಲ್ಲಿ ಲಿಖಿತ ಪರೀಕ್ಷೆಯೇ ಇಲ್ಲ. ಆದರೆ ಅದಕ್ಕೆ ಬೇಕಾದದ್ದು ವಾಯು ವಿಭಾಗದ ಹಿರಿಯ ಶ್ರೇಣಿಯ ‘ಸಿ’ ಪ್ರಮಾಣಪತ್ರ. ಮಲೆನಾಡಿನ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇರುವುದು ಭೂಸೇನಾ ವಿಭಾಗ. ಪದವಿಗೆ ಮಂಗಳೂರಿಗೋ ಬೆಂಗಳೂರಿಗೋ ಹೋಗುವ ಯೋಚನೆ ಹೇಗೂ ಇದ್ದರೆ, ಪ್ರವೇಶ ಪಡೆಯುವ ಮೊದಲು ಆ ಕಾಲೇಜಿನಲ್ಲಿ ವಾಯು ವಿಭಾಗ ಇದೆಯೇ ಎಂದು ಕೇಳಿ. ನೌಕಾಪಡೆಯೂ ಪೈಲಟ್‌ಗಳನ್ನು ತೆಗೆದುಕೊಳ್ಳುತ್ತದೆ. ಎಂಜಿನಿಯರಿಂಗ್ ಓದುತ್ತಿರುವವರು ಅದನ್ನು ಎರಡನೆಯ ಅರ್ಜಿಯಾಗಿ ಇಟ್ಟುಕೊಳ್ಳಲಿ. ಭೂಸೇನೆಯ ವೈಮಾನಿಕ ದಳಕ್ಕೆ ಮೊದಲು ಸೇನಾಧಿಕಾರಿಯಾಗಬೇಕು, ಹಾರಾಟ ಆಮೇಲೆ.

ಹಾಗಾದರೆ ಎನ್‌ಡಿಎಯೋ ಎಎಫ್‌ಕ್ಯಾಟ್ಟೋ? ಅಂಕಗಳ ಲೆಕ್ಕಕ್ಕಿಂತ ಮನೆಯ ಲೆಕ್ಕ ಇಲ್ಲಿ ದೊಡ್ಡದು. ಹದಿನೇಳು ಹದಿನೆಂಟಕ್ಕೆ ಮನೆ ಬಿಟ್ಟು ಹೋಗುವ ಮಗು ವಾಪಸ್ಸು ಬರುವುದು ರಜೆಗೆ ಮಾತ್ರ. ಅಡಿಕೆ ತೋಟಕ್ಕೆ ಒಬ್ಬನೇ ಮಗ, ಮುಂದೆ ನೋಡಿಕೊಳ್ಳುವವರು ಯಾರು ಎಂಬ ಮಾತು ಕೊಯ್ಲಿನ ಕಾಲದಲ್ಲಿ ಬಂದೇ ಬರುತ್ತದೆ. ಆ ಮಾತನ್ನು ಅರ್ಜಿ ಹಾಕುವ ಮೊದಲೇ ಮನೆಯವರೆಲ್ಲ ಕುಳಿತು ಆಡಿ ಮುಗಿಸುವುದು ಒಳ್ಳೆಯದು. ಸಂದರ್ಶನದಲ್ಲಿ ಮನೆಯವರ ಒಪ್ಪಿಗೆಯ ಬಗ್ಗೆ ಕೇಳುತ್ತಾರೆ, ಅರ್ಧ ಮನಸ್ಸಿನ ಉತ್ತರ ಅಲ್ಲಿ ನಿಲ್ಲುವುದಿಲ್ಲ. ಎಎಫ್‌ಕ್ಯಾಟ್ ದಾರಿಯಲ್ಲಿ ಕೈಯಲ್ಲಿ ಪದವಿ ಇರುತ್ತದೆ, ಆಯ್ಕೆಯಾಗದಿದ್ದರೆ ಬೇರೆ ಕೆಲಸ ಹುಡುಕಬಹುದು. ಆದರೆ ಹದಿನಾಲ್ಕು ವರ್ಷದ ನಂತರ, ಮೂವತ್ತಾರು ಮೂವತ್ತೇಳರ ವಯಸ್ಸಿಗೆ, ಎರಡನೆಯ ಬದುಕು ಕಟ್ಟಿಕೊಳ್ಳಬೇಕಾಗುತ್ತದೆ. ಹಾರಾಟದ ಅನುಭವವಿರುವವರಿಗೆ ಅದು ಕಷ್ಟವಲ್ಲ, ಆದರೂ ಮೊದಲೇ ತಿಳಿದಿರಬೇಕು.

ನನ್ನ ನಿಲುವು ಇದು: ಕಣ್ಣು ಸರಿಯಿದ್ದು, ಗಣಿತ ಹಿಡಿತದಲ್ಲಿದ್ದರೆ ಎನ್‌ಡಿಎ ಬರೆಯದೆ ಬಿಡಬೇಡಿ. ವಯಸ್ಸು ಮೀರಿದ ಮೇಲೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ, ಎಎಫ್‌ಕ್ಯಾಟ್ ಇನ್ನೂ ನಾಲ್ಕೈದು ವರ್ಷ ಕಾಯುತ್ತಿರುತ್ತದೆ. ಇಂಗ್ಲಿಷ್ ಮಾತನಾಡಲು ಇನ್ನೂ ತಡವರಿಸುವ ಮಗುವಿಗೆ ಮಾತ್ರ ಪದವಿಯ ಮೂರು ವರ್ಷಗಳು ದೊಡ್ಡ ವರ. ಅಂಥವರು ಎನ್‌ಡಿಎಯನ್ನು ಬರೆದು ನೋಡಲಿ, ಭರವಸೆಯನ್ನು ಎಎಫ್‌ಕ್ಯಾಟ್ ಮೇಲೆ ಇಡಲಿ.

ಒಮ್ಮೆ ಮಾತ್ರ ಸಿಗುವ ಪರೀಕ್ಷೆ

ಯಾವ ದಾರಿಯಲ್ಲಿ ಹೋದರೂ ಎದುರಾಗುವ ಒಂದು ಪರೀಕ್ಷೆ ಇದೆ. ಅದು ಗಣಕೀಕೃತ ಪೈಲಟ್ ಆಯ್ಕೆ ವ್ಯವಸ್ಥೆ, ಎಲ್ಲರೂ ಕರೆಯುವಂತೆ ಸಿಪಿಎಸ್‌ಎಸ್. ಹಿಂದೆ ಇದ್ದ ಪಿಎಬಿಟಿ ಎಂಬ ಹಳೆಯ ಪರೀಕ್ಷೆಯ ಜಾಗಕ್ಕೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ವ್ಯವಸ್ಥೆ ಇದು. ವಾಯುಪಡೆಯ ಆಯ್ಕೆ ಮಂಡಳಿಯಲ್ಲಿ ಶಿಫಾರಸು ಪಡೆದ ಹಾರಾಟ ವಿಭಾಗದ ಅಭ್ಯರ್ಥಿಗಳು ಇದನ್ನು ಎದುರಿಸುತ್ತಾರೆ. ನಮಗೆ ಹತ್ತಿರದ ಕೇಂದ್ರ ಮೈಸೂರು.

ಇದರ ನಿಯಮವನ್ನು ಮತ್ತೆ ಮತ್ತೆ ಓದಿ. ಒಮ್ಮೆ ಇದರಲ್ಲಿ ಅನುತ್ತೀರ್ಣರಾದವರು ಹಾರಾಟ ವಿಭಾಗಕ್ಕೆ ಮತ್ತೆಂದೂ ಅರ್ಹರಲ್ಲ. ಹದಿನೆಂಟರಲ್ಲಿ ಎನ್‌ಡಿಎ ಮೂಲಕ ಬಂದು ಇಲ್ಲಿ ಸೋತವರು ಇಪ್ಪತ್ತೆರಡರಲ್ಲಿ ಎಎಫ್‌ಕ್ಯಾಟ್ ಮೂಲಕ ಹಾರಾಟ ವಿಭಾಗ ಕೇಳುವಂತಿಲ್ಲ. ನೆಲದ ಕರ್ತವ್ಯದ ವಿಭಾಗಗಳು, ಭೂಸೇನೆ ಎಲ್ಲ ತೆರೆದೇ ಇರುತ್ತವೆ, ಆಕಾಶ ಮಾತ್ರ ಮುಚ್ಚುತ್ತದೆ. ಸಂದರ್ಶನ ಮಂಡಳಿಗೆ ವಯಸ್ಸಿರುವವರೆಗೆ ಎಷ್ಟು ಸಲ ಬೇಕಾದರೂ ಹೋಗಬಹುದು, ಲಿಖಿತ ಪರೀಕ್ಷೆಯೂ ಹಾಗೆಯೇ. ಎರಡನೆಯ ಅವಕಾಶವಿಲ್ಲದಿರುವುದು ಇದೊಂದಕ್ಕೇ. ನಿಜವಾಗಿ ಭೂಸೇನೆಯೇ ಇಷ್ಟವಿದ್ದು, ಇರಲಿ ಎಂದು ವಾಯುಪಡೆಯ ಹಾರಾಟಕ್ಕೂ ಗುರುತು ಹಾಕುವವರು ಈ ಕಾರಣಕ್ಕೆ ಒಮ್ಮೆ ಯೋಚಿಸಬೇಕು.

ಪರೀಕ್ಷೆಯಲ್ಲಿ ಅಳೆಯುವುದು ಎರಡು ಬಗೆಯ ಶಕ್ತಿಗಳನ್ನು. ಮೊದಲನೆಯದು ಕಣ್ಣು, ಕೈ, ಕಾಲುಗಳ ಹೊಂದಾಣಿಕೆ: ಕೈಯಲ್ಲಿ ಜಾಯ್‌ಸ್ಟಿಕ್, ಕಾಲಡಿಯಲ್ಲಿ ಪೆಡಲ್, ಎದುರಿನ ಪರದೆಯಲ್ಲಿ ಸುಮ್ಮನಿರದ ಒಂದು ಗುರುತು. ಅದನ್ನು ಹಿಡಿತದಲ್ಲಿಟ್ಟುಕೊಂಡೇ ಬೇರೆ ಸೂಚನೆಗಳಿಗೂ ಸ್ಪಂದಿಸಬೇಕು. ಎರಡನೆಯದು ಮನಸ್ಸಿನ ಕೆಲಸ: ನೆನಪು, ದಿಕ್ಕಿನ ಗ್ರಹಿಕೆ, ಏಕಕಾಲಕ್ಕೆ ಎರಡು ಮೂರು ಸಂಗತಿಗಳ ಮೇಲೆ ಗಮನ.

ತಯಾರಿಗೆ ಮೂರು ಆಯ್ಕೆಗಳನ್ನು ಜನ ಹೇಳುತ್ತಾರೆ. ಏನೂ ಮಾಡಬೇಡಿ, ಇದು ಹುಟ್ಟುಗುಣ ಎನ್ನುವವರು ಕೆಲವರು. ವಿಶೇಷ ಸಿಮ್ಯುಲೇಟರ್ ತರಬೇತಿಗೆ ದೊಡ್ಡ ಮೊತ್ತ ಕೇಳುವವರು ಕೆಲವರು. ಮನೆಯಲ್ಲೇ ಕಂಪ್ಯೂಟರಿಗೆ ಒಂದು ಸಾಧಾರಣ ಜಾಯ್‌ಸ್ಟಿಕ್ ಜೋಡಿಸಿ, ಫ್ಲೈಟ್‌ಗಿಯರ್‌ನಂಥ ಉಚಿತ ತಂತ್ರಾಂಶದಲ್ಲಿ ಅಭ್ಯಾಸ ಮಾಡುವುದು ಮೂರನೆಯದು. ನಾನು ಮೂರನೆಯದರ ಪರ. ಸಾಮರ್ಥ್ಯ ಬಹುಮಟ್ಟಿಗೆ ಒಳಗಿನದೇ. ಆದರೆ ಜಾಯ್‌ಸ್ಟಿಕ್ಕನ್ನು ಮೊದಲ ಸಲ ಮುಟ್ಟುವುದೇ ಪರೀಕ್ಷೆಯ ದಿನವಾದರೆ ಇರುವ ಸಾಮರ್ಥ್ಯವೂ ಗಾಬರಿಯಲ್ಲಿ ಮುಚ್ಚಿಹೋಗುತ್ತದೆ. ನಗರದ ಮಕ್ಕಳಿಗೆ ಆಟದ ಕನ್ಸೋಲ್‌ಗಳಿಂದ ಈ ಪರಿಚಯ ತಾನಾಗಿ ಬಂದಿರುತ್ತದೆ. ನಮ್ಮ ಮಕ್ಕಳು ಅದನ್ನು ಬೇಕೆಂದೇ ಸಂಪಾದಿಸಬೇಕು. ಮೊಬೈಲ್ ಆಟ ಇದಕ್ಕೆ ಬದಲಿಯಲ್ಲ, ಅದರಲ್ಲಿ ಕಾಲಿಗೆ ಕೆಲಸವೇ ಇಲ್ಲ.

ಎರಡು ಸಂಗತಿಗಳು ಮೊದಲ ದಿನ ಎಲ್ಲರನ್ನೂ ತಬ್ಬಿಬ್ಬುಗೊಳಿಸುತ್ತವೆ. ವಿಮಾನದ ಕಡ್ಡಿಯನ್ನು ಹಿಂದಕ್ಕೆ ಎಳೆದರೆ ಮೂತಿ ಮೇಲೇಳುತ್ತದೆ, ಮುಂದಕ್ಕೆ ಒತ್ತಿದರೆ ಇಳಿಯುತ್ತದೆ. ಇನ್ನು ಕಾಲಿನ ಪೆಡಲ್: ಸೈಕಲ್ಲಿನ ಹ್ಯಾಂಡಲ್‌ನ ಬಲತುದಿಯನ್ನು ಮುಂದಕ್ಕೆ ತಳ್ಳಿದರೆ ಸೈಕಲ್ ಎಡಕ್ಕೆ ಹೊರಳುತ್ತದೆ, ವಿಮಾನದಲ್ಲಿ ಬಲಪೆಡಲ್ ಮುಂದಕ್ಕೆ ಒತ್ತಿದರೆ ಮೂತಿ ಬಲಕ್ಕೇ ಹೋಗುತ್ತದೆ. ವರ್ಷಗಟ್ಟಲೆ ಸೈಕಲ್ ತುಳಿದ ದೇಹ ಇದನ್ನು ತಿದ್ದಿಕೊಳ್ಳಲು ಸ್ವಲ್ಪ ಸಮಯ ಬೇಡುತ್ತದೆ. ಆ ಸಮಯವನ್ನು ಮನೆಯಲ್ಲೇ ಕಳೆಯಿರಿ. ಇದರ ಜೊತೆಗೆ ಆರು ಮೂಲ ಉಪಕರಣಗಳನ್ನು ಓದಲು ಕಲಿಯಿರಿ: ಕೃತಕ ದಿಗಂತ, ಎತ್ತರ ಮಾಪಕ, ವೇಗ ಮಾಪಕ, ದಿಕ್ಸೂಚಿ, ಏರಿಳಿತದ ಮಾಪಕ, ತಿರುವು ಸೂಚಕ. ನಾಲ್ಕು ಮುಖಬಿಲ್ಲೆಗಳನ್ನು ಒಮ್ಮೆಗೇ ನೋಡಿ ವಿಮಾನ ಯಾವ ಕಡೆ ವಾಲಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಹೇಳುವ ಅಭ್ಯಾಸ ಮಾಡಿಕೊಂಡರೆ ಗಮನ ಹಂಚುವ ಶಕ್ತಿಯೂ ಬೆಳೆಯುತ್ತದೆ. ದಿನಕ್ಕೆ ಅರ್ಧ ಗಂಟೆ ಸಾಕು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಯೇ ದೊಡ್ಡ ತಯಾರಿ.

ಐದು ದಿನದ ಮಂಡಳಿ

ಲಿಖಿತ ಪರೀಕ್ಷೆಯ ಬಗ್ಗೆ ನಮ್ಮಲ್ಲಿರುವ ಭಯ ಅಳತೆ ಮೀರಿದ್ದು, ಸಂದರ್ಶನ ಮಂಡಳಿಯ ಬಗ್ಗೆ ಇರುವ ಉಡಾಫೆಯೂ ಅಷ್ಟೇ ಅಳತೆ ಮೀರಿದ್ದು. ಎನ್‌ಡಿಎಯಲ್ಲಿ ಲಿಖಿತಕ್ಕೆ 900, ಮಂಡಳಿಗೆ 900. ಇತ್ತೀಚಿನ ವರ್ಷಗಳಲ್ಲಿ ಲಿಖಿತ ಹಂತ ದಾಟಲು 300ರ ಆಚೀಚೆ ಅಂಕ ಸಾಕಾಗಿದೆ. ಅಂತಿಮ ಪಟ್ಟಿಗೆ 1800ರಲ್ಲಿ ಬೇಕಾಗಿರುವುದು 650ರಿಂದ 720ರ ನಡುವೆ. ಎಎಫ್‌ಕ್ಯಾಟ್‌ನಲ್ಲೂ ಕಟ್ ಆಫ್ 300ರ ಅರ್ಧದ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ಮೂರನೆಯ ಒಂದು ಭಾಗವೋ ಅರ್ಧವೋ ಅಂಕದಿಂದ ಒಳಗೆ ಹೋಗಬಹುದು, ಹೊರಬೀಳುವುದು ಮಂಡಳಿಯಲ್ಲಿ.

ಮೊದಲ ದಿನವೇ ಜರಡಿ ಹಿಡಿಯುತ್ತಾರೆ. ತಾರ್ಕಿಕ ಪರೀಕ್ಷೆ, ಆಮೇಲೆ ಮೂವತ್ತು ಸೆಕೆಂಡು ತೋರಿಸಿದ ಮಸುಕು ಚಿತ್ರಕ್ಕೆ ನಾಲ್ಕು ನಿಮಿಷದಲ್ಲಿ ಕಥೆ, ಅದನ್ನು ಗುಂಪಿನ ಮುಂದೆ ಹೇಳಿ ಚರ್ಚೆ. ಇಲ್ಲೇ ಬಹಳ ಮಂದಿ ಊರಿಗೆ ಮರಳುತ್ತಾರೆ. ಉಳಿದವರಿಗೆ ಮನಃಶಾಸ್ತ್ರೀಯ ಪರೀಕ್ಷೆಗಳು: ಹನ್ನೆರಡು ಕಥೆಗಳು (ಕೊನೆಯ ಚಿತ್ರ ಖಾಲಿ ಹಾಳೆ), ತಲಾ ಹದಿನೈದು ಸೆಕೆಂಡಿನಂತೆ ಅರವತ್ತು ಪದಗಳಿಗೆ ವಾಕ್ಯ, ಅರ್ಧ ಗಂಟೆಯಲ್ಲಿ ಅರವತ್ತು ಸನ್ನಿವೇಶಗಳಿಗೆ ಉತ್ತರ. ಆಮೇಲೆ ಮೈದಾನದ ಗುಂಪು ಕೆಲಸಗಳು, ವೈಯಕ್ತಿಕ ಸಂದರ್ಶನ, ಕೊನೆಯ ದಿನ ಎಲ್ಲ ಪರೀಕ್ಷಕರ ಎದುರು ಕಾನ್ಫರೆನ್ಸ್.

ಮಲೆನಾಡಿನ ಮಕ್ಕಳ ಬಲ ಇರುವುದು ಇಲ್ಲಿಯೇ, ಆದರೆ ಅವರು ಅದನ್ನು ಬಳಸುವುದಿಲ್ಲ. ಆಷಾಢದಲ್ಲಿ ಮರ ಬಿದ್ದು ರಸ್ತೆ ಮುಚ್ಚಿದಾಗ ಊರವರ ಜೊತೆ ಗರಗಸ ಹಿಡಿದವರು, ಹಳ್ಳ ಏರಿದಾಗ ಕಾಲುಸಂಕ ದಾಟಲು ಚಿಕ್ಕಮಕ್ಕಳಿಗೆ ಕೈ ಕೊಟ್ಟವರು, ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದ ರಾತ್ರಿ ಕಾಯಿಲೆಯವರನ್ನು ಪೇಟೆಗೆ ಸಾಗಿಸಲು ವ್ಯವಸ್ಥೆ ಮಾಡಿದವರು ಇವರು. ಸನ್ನಿವೇಶ ಪರೀಕ್ಷೆಯಲ್ಲಿ ಕೇಳುವುದು ಇಂಥದ್ದನ್ನೇ. ಆದರೂ ಸಿದ್ಧ ಉತ್ತರಗಳ ಪುಸ್ತಕದಿಂದ ಬಾಯಿಪಾಠ ಮಾಡಿದ, ತಾವು ಕಂಡಿರದ ರೈಲು ಹಳಿಯ ಕಥೆಗಳನ್ನು ಬರೆದು ಬರುತ್ತಾರೆ. ನಿಮ್ಮ ಬದುಕಿನಲ್ಲಿ ನಡೆದದ್ದನ್ನು ಬರೆಯಿರಿ. ಅದನ್ನು ಸಂದರ್ಶಕರು ಹತ್ತು ಪ್ರಶ್ನೆ ಹಾಕಿ ಕೆದಕಿದರೂ ನೀವು ತಡವರಿಸುವುದಿಲ್ಲ.

ದೌರ್ಬಲ್ಯವೂ ಅಷ್ಟೇ ಸ್ಪಷ್ಟ. ಹಿರಿಯರ ಮುಂದೆ ಕೇಳಿದ್ದಕ್ಕಷ್ಟೇ ಉತ್ತರಿಸಬೇಕು ಎಂಬ ಸಂಸ್ಕಾರದಲ್ಲಿ ಬೆಳೆದ ಮಕ್ಕಳು ಗುಂಪು ಚರ್ಚೆಯಲ್ಲಿ ಬಾಯಿ ತೆರೆಯುವಷ್ಟರಲ್ಲಿ ಚರ್ಚೆ ಮುಗಿದಿರುತ್ತದೆ. ಇದಕ್ಕೆ ಪುಸ್ತಕದಲ್ಲಿ ಮದ್ದಿಲ್ಲ. ಎಂಟು ಹತ್ತು ಜನ ಸೇರಿ, ವಾರಕ್ಕೆ ಎರಡು ಸಲವಾದರೂ, ಇಂಗ್ಲಿಷಿನಲ್ಲಿ ಮಾತನಾಡಬೇಕು. ವ್ಯಾಕರಣ ತಪ್ಪಲಿ. ಅಲ್ಲಿ ನೋಡುವುದು ವಿಚಾರ ಮತ್ತು ನಡವಳಿಕೆಯನ್ನು.

ಮನೆಯೋ, ಶಿವಮೊಗ್ಗವೋ, ಬೆಂಗಳೂರೋ

ಈಗ ಕೋಚಿಂಗ್ ಪ್ರಶ್ನೆ. ಇಷ್ಟು ಓದಿದವರಿಗೆ ಉತ್ತರ ಅರ್ಧ ಹೊಳೆದಿರಬಹುದು.

ಲಿಖಿತ ಪರೀಕ್ಷೆಗೆ ಮನೆಯಲ್ಲೇ ಓದಬಹುದು. ಹಳೆಯ ಎನ್‌ಡಿಎ ಪ್ರಶ್ನೆಪತ್ರಿಕೆಗಳನ್ನು ಯುಪಿಎಸ್‌ಸಿ ತನ್ನ ಜಾಲತಾಣದಲ್ಲೇ ಉಚಿತವಾಗಿ ಇಡುತ್ತದೆ. ಪಿಯು ಉಪನ್ಯಾಸಕರಲ್ಲಿ ಒಬ್ಬರು ಗಣಿತಕ್ಕೆ ಬೆನ್ನಿಗೆ ನಿಂತರೆ ಸಾಕು. ತೊಡಕಿರುವುದು ಮಳೆಗಾಲದಲ್ಲಿ. ಆಗುಂಬೆ, ಬಿದನೂರು ನಗರ, ಮಾಸ್ತಿಕಟ್ಟೆ ಸುತ್ತಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆನ್‌ಲೈನ್ ತರಗತಿಯನ್ನು ನಂಬಿಕೊಂಡರೆ ಓದು ಸಾಗುವುದಿಲ್ಲ. ಅಲ್ಲಿನವರು ನೇರ ಪ್ರಸಾರದ ತರಗತಿಗಿಂತ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದಾದ ಪಾಠಗಳನ್ನೂ ಮುದ್ರಿತ ಪುಸ್ತಕಗಳನ್ನೂ ಆರಿಸಿಕೊಳ್ಳಿ.

ಶಿವಮೊಗ್ಗ ನಗರದಲ್ಲಿ ರೂಮು ಮಾಡಿ ಓದುವುದರ ಲಾಭ ಪಾಠದಲ್ಲಿಲ್ಲ, ಜೊತೆಯಲ್ಲಿದೆ. ಓಡಲು ನೆಹರೂ ಕ್ರೀಡಾಂಗಣ, ಓದಲು ಗ್ರಂಥಾಲಯ, ಚರ್ಚೆಗೆ ಇದೇ ಗುರಿಯಿರುವ ಗೆಳೆಯರು. ಪದವಿಯನ್ನು ಇಲ್ಲೇ ಓದುತ್ತಿರುವವರಿಗೆ ಎಎಫ್‌ಕ್ಯಾಟ್ ತಯಾರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ ಎಂದು ನಾನು ಖಚಿತವಾಗಿ ಹೇಳುತ್ತೇನೆ. ನಿವೃತ್ತ ಸೈನಿಕರು ನೆರೆಯಲ್ಲಿದ್ದರೆ ಹೋಗಿ ಮಾತನಾಡಿ. ಸೈನ್ಯದ ದಿನಚರಿ, ಶಿಸ್ತು, ಹುದ್ದೆಗಳ ಅರ್ಥ ಅವರಿಂದ ತಿಳಿಯುವಷ್ಟು ಬೇರೆಲ್ಲೂ ತಿಳಿಯುವುದಿಲ್ಲ. ಅಧಿಕಾರಿಗಳ ಆಯ್ಕೆ ಮಂಡಳಿಯ ಅನುಭವ ಅವರಿಗೆ ಇದೆಯೇ ಎಂಬುದನ್ನು ಮಾತ್ರ ಗೌರವದಿಂದ ಕೇಳಿ ತಿಳಿದುಕೊಳ್ಳಿ.

ಬೆಂಗಳೂರಿಗೆ ಹೋಗುವುದಾದರೆ ಲಿಖಿತ ಪರೀಕ್ಷೆ ಪಾಸಾದ ಮೇಲೆ, ಎರಡು ಮೂರು ವಾರಗಳ ಮಟ್ಟಿಗೆ ಹೋಗಿ. ಅಡ್ಡಿಗಳ ಮೈದಾನ, ಗುಂಪು ಕೆಲಸದ ಹಲಗೆ ಹಗ್ಗಗಳು, ಅಪರಿಚಿತರ ಜೊತೆಗಿನ ಚರ್ಚೆ ಊರಿನಲ್ಲಿ ಸಿಗುವುದಿಲ್ಲ. ಅದಕ್ಕೆ ಹಣ ಕೊಡುವುದು ಸರಿ. ವರ್ಷವಿಡೀ ಹಾಸ್ಟೆಲ್‌ನಲ್ಲಿಟ್ಟು ಪಿಯುಸಿ ಜೊತೆಗೇ ಎನ್‌ಡಿಎ ಕಲಿಸುತ್ತೇವೆ ಎನ್ನುವ ಕಡೆ ಸೇರಿಸುವ ಮೊದಲು ಕೆಲವು ಪ್ರಶ್ನೆ ಕೇಳಿ. ಮಂಡಳಿಯಲ್ಲಿ ಪರೀಕ್ಷಕರಾಗಿದ್ದವರು ಯಾರಾದರೂ ಕಲಿಸುತ್ತಾರೆಯೇ? ಮಗು ಬರೆದ ಕಥೆಗಳನ್ನು ಒಬ್ಬರೇ ಕುಳಿತು ಓದಿ ಅದರ ಜೊತೆ ಮಾತನಾಡುತ್ತಾರೆಯೇ, ಅಥವಾ ಇಡೀ ತರಗತಿಗೆ ಒಂದೇ ಮಾದರಿ ಉತ್ತರ ಹಂಚುತ್ತಾರೆಯೇ? ಪಿಯು ವಾರ್ಷಿಕ ಪರೀಕ್ಷೆಯ ಪಾಠ ಯಾರು ಮಾಡುತ್ತಾರೆ? ಆಯ್ಕೆಗೆ ಗ್ಯಾರಂಟಿ ಕೊಡುತ್ತೇವೆ ಎಂದರೆ ಎದ್ದು ಬನ್ನಿ. ಆ ಗ್ಯಾರಂಟಿಯನ್ನು ಮಂಡಳಿಯಲ್ಲಿ ಕುಳಿತ ಪರೀಕ್ಷಕರೂ ಕೊಡಲಾರರು.

ಮಂಡಳಿಯ ಕೇಂದ್ರವನ್ನು ಆರಿಸುವ ಅವಕಾಶ ಸಿಕ್ಕರೆ ಮೈಸೂರನ್ನೇ ಆರಿಸಿ. ಒಂದು ಕೇಂದ್ರ ಸುಲಭ, ಇನ್ನೊಂದು ಕಠಿಣ ಎಂಬ ಮಾತುಗಳಿಗೆ ಕಿವಿಗೊಡಬೇಡಿ. ಶಿವಮೊಗ್ಗದಿಂದ ಅರಸೀಕೆರೆ, ಹಾಸನದ ಮೇಲೆ ನೇರ ರೈಲಿದೆ, ಪರಿಚಿತ ಹವೆ, ಪರಿಚಿತ ಭಾಷೆ, ದಣಿವಿಲ್ಲದ ಪ್ರಯಾಣ. ವಸತಿ, ಊಟ ಮಂಡಳಿಯದೇ. ಮೊದಲ ಸಲ ಹೋಗುವವರಿಗೆ ರೈಲು ದರವನ್ನೂ ಕೊಡುತ್ತಾರೆ, ಟಿಕೆಟ್ ಜೋಪಾನ.

ಯಾವಾಗ ಬರೆಯುವುದು

ಎನ್‌ಡಿಎ ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ದ್ವಿತೀಯ ಪಿಯುಸಿಯಲ್ಲಿ ಓದುತ್ತಿರುವವರೂ ಬರೆಯಬಹುದು. ಏಪ್ರಿಲ್ ಪರೀಕ್ಷೆಗೆ ನಮ್ಮವರಿಗೊಂದು ಇಕ್ಕಟ್ಟಿದೆ: ಮಾರ್ಚ್‌ನಲ್ಲಿ ವಾರ್ಷಿಕ ಪರೀಕ್ಷೆ, ಏಪ್ರಿಲ್ ಮಧ್ಯದಲ್ಲಿ ಸಿಇಟಿ, ಅದರ ಹಿಂದೋ ಮುಂದೋ ಎನ್‌ಡಿಎ. ಸೆಪ್ಟೆಂಬರ್ ಪರೀಕ್ಷೆ ಬರುವಾಗ ದ್ವಿತೀಯ ಪಿಯುಸಿಯ ಅರ್ಧ ಪಾಠ ಬಾಕಿ ಇರುತ್ತದೆ. ಕಲನಶಾಸ್ತ್ರದ ದೊಡ್ಡ ಭಾಗವನ್ನು ಸ್ವಂತವಾಗಿ ಮುಗಿಸಿಕೊಳ್ಳಬೇಕು. ಆದರೂ ಮೊದಲ ಪ್ರಯತ್ನಕ್ಕೆ ಸೆಪ್ಟೆಂಬರ್ ಒಳ್ಳೆಯದು. ಮನಸ್ಸಿನ ಮೇಲೆ ಬೇರೆ ಪರೀಕ್ಷೆಯ ಭಾರವಿರುವುದಿಲ್ಲ, ಎಲ್ಲಿ ಕೊರತೆಯಿದೆ ಎಂದು ತಿಳಿದು ಏಪ್ರಿಲ್‌ಗೆ ತಿದ್ದಿಕೊಳ್ಳಬಹುದು. ಸೆಪ್ಟೆಂಬರ್ ಪರೀಕ್ಷೆಯ ಅಧಿಸೂಚನೆ ಮೇ ತಿಂಗಳ ಹೊತ್ತಿಗೇ ಬರುತ್ತದೆ, ಅಂದರೆ ಪ್ರಥಮ ಪಿಯುಸಿ ಮುಗಿದ ಬೇಸಿಗೆ ರಜೆಯಲ್ಲಿ. ಯುಪಿಎಸ್‌ಸಿ ಪರೀಕ್ಷಾ ಕೇಂದ್ರಗಳನ್ನು ಮೊದಲು ಅರ್ಜಿ ಹಾಕಿದವರಿಗೆ ಮೊದಲು ಎಂಬ ಕ್ರಮದಲ್ಲಿ ಹಂಚುವುದರಿಂದ, ಧಾರವಾಡವೋ ಬೆಂಗಳೂರೋ ಬೇಕಿದ್ದರೆ ಕೊನೆಯ ವಾರದವರೆಗೆ ಕಾಯಬೇಡಿ. ಎಎಫ್‌ಕ್ಯಾಟ್ ಸಾಮಾನ್ಯವಾಗಿ ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ನಡೆಯುತ್ತದೆ. ಪದವಿಯ ಕೊನೆಯ ವರ್ಷದಲ್ಲಿರುವವರೂ ಅರ್ಜಿ ಹಾಕಬಹುದು. ಅಂಥವರಿಗೆ ಆಗಸ್ಟ್‌ಗಿಂತ ಫೆಬ್ರುವರಿ ಅನುಕೂಲ. ಮಳೆಗಾಲದ ವಿದ್ಯುತ್ ಕಡಿತದಲ್ಲಿ ಕಂಪ್ಯೂಟರ್ ಮೇಲಿನ ಅಣಕು ಪರೀಕ್ಷೆಗಳು ಅರ್ಧಕ್ಕೇ ನಿಲ್ಲುತ್ತವೆ, ದೀಪಾವಳಿಯಿಂದ ಜನವರಿಯವರೆಗೆ ಸಿಗುವ ಒಣ ದಿನಗಳಲ್ಲಿ ಅಭ್ಯಾಸ ತಡೆಯಿಲ್ಲದೆ ಸಾಗುತ್ತದೆ.